ಕುಂಕುಮ ಚೆಲ್ಲಿದರೆ ಯಾರೂ ಸಾಯುವುದಿಲ್ಲ

ಧಾರಾವಾಹಿಯಲ್ಲಿ ಕುಂಕುಮದ ಬಟ್ಟಲು ಕೈಜಾರಿ ಬಿದ್ದರೆ ಯಾರೂ ಸಾಯುವುದಿಲ್ಲ. ಆರತಿ ತಟ್ಟೆಯ ದೀಪ ಆರಿದರೂ ಅಷ್ಟೆ. ಗೋಡೆಯ ಮೇಲಿನ ಫೋಟೊದ ಗಾಜು ಒಡೆದರೆ ಕೊಂಚ ಅನುಮಾನ ಹುಟ್ಟಬಹುದು, ಅದೂ ಸೋಮವಾರದ ಕಂತಿನಲ್ಲಿ ತೀರಿಹೋಗುತ್ತದೆ. ಹಾಲಿನ ಲೋಟಕ್ಕೆ ವಿಷ ಬೆರೆಸುವ ಕೈಯನ್ನು ಕ್ಯಾಮೆರಾ ಹತ್ತಿರ ಹೋಗಿ ತೋರಿಸಿತೋ, ಕುಡಿಯಬೇಕಾದವರು ಆ ಹಾಲನ್ನು ಕುಡಿಯುವುದಿಲ್ಲ. ಕಾರು ಪ್ರಪಾತಕ್ಕೆ ಉರುಳಿ ಹೆಣ ತೋರಿಸಲಿಲ್ಲವೋ, ಆ ಮನುಷ್ಯ ಗಡ್ಡ ಬಿಟ್ಟುಕೊಂಡೋ ನೆನಪು ಕಳೆದುಕೊಂಡೋ ವಾಪಸ್ ಬಂದೇ ಬರುತ್ತಾನೆ.

ಈ ಸೂತ್ರಗಳನ್ನು ಯಾವ ಸಿನಿಮಾ ಶಾಲೆಯೂ ಕಲಿಸುವುದಿಲ್ಲ. ಬೆಂಗಳೂರಿನಿಂದ ಯಲಹಂಕ, ರಾಜಾನುಕುಂಟೆ ದಾಟಿ ಹಿಂದೂಪುರದ ಕಡೆ ಹೋಗುವ ರಸ್ತೆಯಲ್ಲಿ, ದೊಡ್ಡಬಳ್ಳಾಪುರ ಇನ್ನೇನು ಬಂತು ಎನ್ನುವಾಗ ಎದುರಾಗುವ ಬಾಶೆಟ್ಟಿಹಳ್ಳಿಯಲ್ಲಿ, ಬೆಳಿಗ್ಗೆ ಕಂಪನಿ ಬಸ್ಸಿಗೆ ಕಾಯುವವರ ಮಾತಿಗೆ ಸ್ವಲ್ಪ ಹೊತ್ತು ಕಿವಿಗೊಟ್ಟರೆ ಒಂದೊಂದಾಗಿ ಕೇಳಿಸುತ್ತವೆ. ಹಳ್ಳಿಯೆಂಬುದು ಹೆಸರಿನಲ್ಲಿ ಮಾತ್ರ ಉಳಿದ ಊರು ಇದು. ಕೈಗಾರಿಕಾ ಪ್ರದೇಶ ಬಂದು, ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿಯಾಗಿ, ಹೊಲ ಇದ್ದಲ್ಲೆಲ್ಲ ಸಾಲು ಬಾಡಿಗೆ ರೂಮುಗಳು ಎದ್ದಿವೆ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಒಂದೊಂದು ರೂಮಿನಲ್ಲಿ ಮೂರು ನಾಲ್ಕು ಜನ ಇರುತ್ತಾರೆ. ಟಿವಿ ಇರುವ ರೂಮು ಕಡಿಮೆ. ಡ್ಯೂಟಿ ಮುಗಿಸಿ, ಅನ್ನಕ್ಕಿಟ್ಟು, ಬೇಳೆ ಡಬ್ಬಕ್ಕೆ ಮೊಬೈಲ್ ಒರಗಿಸಿ ಆ ದಿನದ ಕಂತು ನೋಡುತ್ತಾರೆ. ಕುಕ್ಕರ್ ಕೂಗಿದಾಗ ಸಂಭಾಷಣೆ ಕೇಳಿಸದಿದ್ದರೂ ನಷ್ಟವಿಲ್ಲ. ಹಿನ್ನೆಲೆ ಸಂಗೀತವೇ ಎಲ್ಲ ಹೇಳಿಬಿಡುತ್ತದೆ.

ಇವರ ಊಹೆ ತಪ್ಪುವುದು ಅಪರೂಪ. ಕಾರಣ, ಇವರು ತೆರೆಯ ಮೇಲಿನ ಸಂಕೇತವನ್ನು ನಂಬುವುದೇ ಇಲ್ಲ. ಕುಂಕುಮ ಚೆಲ್ಲಿತು ಎಂದರೆ ಅಪಶಕುನ ಎಂದು ಅಜ್ಜಿ ಹೇಳಿದ್ದು ಇವರಿಗೆ ನೆನಪಿದೆ. ಹಾಗೆ ಹೇಳಿದ್ದು ಎಲ್ಲರಿಗೂ ನೆನಪಿದೆ ಎಂಬುದನ್ನು ಲೆಕ್ಕ ಹಾಕಿಯೇ ಕಥೆಗಾರ ಶುಕ್ರವಾರದ ಕೊನೆಗೆ ಬಟ್ಟಲು ಬೀಳಿಸಿದ್ದಾನೆ ಎಂಬುದೂ ಗೊತ್ತಿದೆ. ಶನಿವಾರ, ಭಾನುವಾರ ಜನ ಮರೆಯಬಾರದಲ್ಲ! ಇನ್ನು ಒಬ್ಬ ನಟಿ ಬೇರೆ ಚಾನೆಲ್ಲಿನ ಹೊಸ ಧಾರಾವಾಹಿಯ ಪ್ರೋಮೋದಲ್ಲಿ ಕಾಣಿಸಿಕೊಂಡಳೋ, ಇಲ್ಲಿ ಅವಳ ಪಾತ್ರಕ್ಕೆ ಮೆಟ್ಟಿಲೋ ಲಾರಿಯೋ ಕಾದಿದೆ ಎಂದರ್ಥ. ಗುರುವಾರ ಬರುವ ಟಿಆರ್‌ಪಿ ಪಟ್ಟಿಯಲ್ಲಿ ಕೆಳಗಿಳಿದ ಕಥೆಯಲ್ಲಿ ಒಂದು ಅಪಹರಣ ನಡೆಯುತ್ತದೆ, ಇಲ್ಲವೇ ಸತ್ತವನು ಎದ್ದು ಬರುತ್ತಾನೆ. ರೀಮೇಕ್ ಆದರಂತೂ ಕೆಲಸ ಇನ್ನೂ ಸುಲಭ. ‘ಅಮೃತಧಾರೆ’ ಹಿಂದಿಯ ‘ಬಡೇ ಅಚ್ಛೇ ಲಗ್ತೇ ಹೈ’ಯಿಂದ ಬಂದದ್ದು ಎಂದು ಗೊತ್ತಿದ್ದವರು ಮೂಲವನ್ನು ತಡಕಾಡಿ ಮುಂದಿನದನ್ನು ತಿಳಿದುಕೊಳ್ಳಲು ನೋಡಿದ್ದಾರೆ. ಎಲ್ಲ ಸಲವೂ ಹೊಂದಿಕೆಯಾಗುವುದಿಲ್ಲ ಎಂಬ ಅನುಭವವೂ ಅವರಿಗಾಗಿದೆ. ಕನ್ನಡಕ್ಕೆ ಬಂದ ಕಥೆ ಕೆಲವು ತಿಂಗಳಾದ ಮೇಲೆ ತನ್ನದೇ ದಾರಿ ಹಿಡಿಯುತ್ತದೆ.

ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ಟಿಗೆ ಕಾಲರ್ ಹಚ್ಚುವವರಿಗೆ, ದಿನಕ್ಕೊಂದು ಕಂತು ಎಂಬ ಟಾರ್ಗೆಟ್ಟಿನಲ್ಲಿ ಕಥೆ ಹೊಲಿಯುವವರ ಪಾಡು ಯಾರೂ ಹೇಳಿಕೊಡದೆ ಅರ್ಥವಾಗುತ್ತದೆ. ಬಟ್ಟೆ ಸಾಲದಿದ್ದಲ್ಲಿ ತೇಪೆ ಎಲ್ಲಿ ಬಿದ್ದಿದೆ ಎಂದು ಅವರ ಕಣ್ಣು ತಾನಾಗಿ ಹುಡುಕುತ್ತದೆ.

ಇದೇ ಬಾಶೆಟ್ಟಿಹಳ್ಳಿಯಲ್ಲಿ ಇನ್ನೊಂದು ಬಗೆಯ ಪ್ರೇಕ್ಷಕರೂ ಇದ್ದಾರೆ. ಐಟಿಐ, ಡಿಪ್ಲೊಮಾ ಮುಗಿಸಿ ಮಷಿನ್ ಶಾಪುಗಳಲ್ಲಿ ಮೂರು ಪಾಳಿ ದುಡಿಯುವ ಹುಡುಗರು. ಇವರ ಕೈಯಲ್ಲಿ ‘ಬ್ರೇಕಿಂಗ್ ಬ್ಯಾಡ್’, ‘ನಾರ್ಕೋಸ್’, ‘ಮನಿ ಹೈಸ್ಟ್’. ಮನೆಮಂದಿಯ ಧಾರಾವಾಹಿ ಎಂದರೆ ಮೂಗು ಮುರಿಯುತ್ತಾರೆ. ಇವರ ದೃಷ್ಟಿಯಲ್ಲಿ ಅಲ್ಲಿ ಎಲ್ಲಕ್ಕೂ ಅರ್ಥವಿದೆ, ಇಲ್ಲಿ ಯಾವುದಕ್ಕೂ ಇಲ್ಲ. ಈ ಮಾತು ಅರ್ಧ ನಿಜ. ಸುಳ್ಳಾದ ಇನ್ನರ್ಧ ಹೆಚ್ಚು ಸ್ವಾರಸ್ಯದ್ದು, ಅದಕ್ಕೇ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

‘ಬ್ರೇಕಿಂಗ್ ಬ್ಯಾಡ್’ ಅಮೆರಿಕದಲ್ಲಿ 2008ರ ಜನವರಿಯಿಂದ 2013ರ ಸೆಪ್ಟೆಂಬರ್‌ವರೆಗೆ ಪ್ರಸಾರವಾದ 62 ಕಂತುಗಳ ಕಥೆ. ಕ್ಯಾನ್ಸರ್ ಬಂದ ರಸಾಯನಶಾಸ್ತ್ರದ ಮೇಷ್ಟ್ರು ಮಾದಕವಸ್ತು ತಯಾರಿಸಲು ಇಳಿದು ಪಾತಕಿಯಾಗುತ್ತಾನೆ. ಸಂಕೇತ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಹಬ್ಬ ಬಹುಶಃ ಟಿವಿಯಲ್ಲಿ ಬಂದಿಲ್ಲ. ಎರಡನೇ ಸೀಸನ್ ಶುರುವಾದದ್ದು ಈಜುಕೊಳದಲ್ಲಿ ತೇಲುವ, ಒಂದು ಕಣ್ಣು ಕಿತ್ತುಹೋದ ಗುಲಾಬಿ ಬಣ್ಣದ ಕರಡಿ ಗೊಂಬೆಯಿಂದ. ಅದು ಏನು, ಯಾಕೆ ಎಂಬುದನ್ನು ಹೇಳಿರಲಿಲ್ಲ. ಇಡೀ ಸೀಸನ್ ಜನ ತಲೆ ಕೆಡಿಸಿಕೊಂಡರು. ಆ ಸೀಸನ್ನಿನ ನಾಲ್ಕು ಕಂತುಗಳ ಹೆಸರುಗಳನ್ನು ಪ್ರಸಾರವಾದ ಅನುಕ್ರಮದಲ್ಲೇ ಎತ್ತಿ ಪಕ್ಕಪಕ್ಕ ಇಟ್ಟರೆ ‘ಸೆವೆನ್ ಥರ್ಟಿ-ಸೆವೆನ್, ಡೌನ್, ಓವರ್, ಎಬಿಕ್ಯೂ’ ಎಂದಾಗುತ್ತದೆ. 737 ವಿಮಾನ ಆಲ್ಬುಕರ್ಕಿ ನಗರದ ಮೇಲೆ ಕೆಳಗೆ ಬಿತ್ತು ಎಂಬ ಸುದ್ದಿಯನ್ನು ಶೀರ್ಷಿಕೆಗಳಲ್ಲೇ ಹುದುಗಿಸಿದ್ದರು. ಕೊನೆಯ ಕಂತಿನಲ್ಲಿ ಆದದ್ದೂ ಅದೇ. ಗೊಂಬೆ ಆ ವಿಮಾನದಿಂದ ಬಿದ್ದದ್ದು.

ನಾಲ್ಕನೇ ಸೀಸನ್ನಿನಲ್ಲಿ ಇನ್ನೂ ನಾಜೂಕಾದದ್ದೊಂದು ನಡೆಯಿತು. ಮಗುವೊಂದಕ್ಕೆ ಯಾರೋ ವಿಷ ಹಾಕಿದ್ದಾರೆ. ಯಾರೆಂದು ಗೊತ್ತಿಲ್ಲ. ಅದಕ್ಕೂ ಮೊದಲು ಒಂದು ಪುಟ್ಟ ದೃಶ್ಯ ಬಂದುಹೋಗಿತ್ತು. ನಾಯಕ ಹಿತ್ತಲಿನ ಈಜುಕೊಳದ ಬಳಿ ಒಬ್ಬನೇ ಕೂತು ಮೇಜಿನ ಮೇಲೆ ಪಿಸ್ತೂಲನ್ನು ಬುಗುರಿಯಂತೆ ತಿರುಗಿಸುತ್ತಾನೆ. ಎರಡು ಸಲ ಅದು ಅವನ ಕಡೆಗೇ ಮುಖ ಮಾಡಿ ನಿಲ್ಲುತ್ತದೆ. ಮೂರನೇ ಸಲ ಅವನನ್ನು ಬಿಟ್ಟು ಅಂಗಳದ ಹೂಕುಂಡವೊಂದರ ಕಡೆ ನಿಲ್ಲುತ್ತದೆ. ಅವನು ಸುಮ್ಮನೆ ಅತ್ತ ನೋಡುತ್ತಾನೆ, ದೃಶ್ಯ ಮುಗಿಯುತ್ತದೆ. ಮುಂದಿನ ಕಂತು ಬರುವ ಮೊದಲೇ ಕೆಲವು ಚತುರರು ಆ ಗಿಡವನ್ನು ಗುರುತು ಹಚ್ಚಿಬಿಟ್ಟರು. 2011ರ ಅಕ್ಟೋಬರ್ 9ರಂದು ಬಂದ ಕಂತಿನ ಕಟ್ಟಕಡೆಯ ಚಿತ್ರದಲ್ಲಿ ಕ್ಯಾಮೆರಾ ಮೆಲ್ಲಗೆ ಕುಂಡದ ಹತ್ತಿರ ಹೋಗಿ ಅದರ ಚೀಟಿ ತೋರಿಸಿತು: ಲಿಲಿ ಆಫ್ ದಿ ವ್ಯಾಲಿ, ವಿಷದ ಗಿಡ. ಮಗುವಿಗೆ ವಿಷವಿಟ್ಟವನು ನಾಯಕನೇ.

ಇಷ್ಟು ನೋಡಿದ ಮೇಲೆ ಯಾರಿಗಾದರೂ ಅನ್ನಿಸುವುದು ಒಂದೇ. ಈ ಬರೆಯುವವರಿಗೆ ಮೊದಲಿನಿಂದ ಕೊನೆಯತನಕ ಎಲ್ಲ ಗೊತ್ತಿದೆ, ಎಲ್ಲೆಡೆ ಕುರುಹು ಬಿಟ್ಟಿದ್ದಾರೆ, ಹೆಕ್ಕಿದರೆ ಕೊನೆ ಸಿಕ್ಕೇ ಸಿಗುತ್ತದೆ. ಹಾಗಾಗಿ 2012ರ ಜುಲೈನಲ್ಲಿ ಐದನೇ ಸೀಸನ್ ಶುರುವಾದಾಗ ಹೆಕ್ಕುವವರು ಮುಗಿಬಿದ್ದರು. ಶುರುವಿನಲ್ಲೇ ಮುಂದೆಂದೋ ನಡೆಯುವ ದೃಶ್ಯ: ಗಡ್ಡ, ಕೂದಲು ಬೆಳೆದ ನಾಯಕ ತನ್ನ 52ನೇ ಹುಟ್ಟುಹಬ್ಬದ ದಿನ ಹೋಟೆಲಿನಲ್ಲಿ ಒಬ್ಬನೇ ಕೂತಿದ್ದಾನೆ. ಹೊರಗೆ ನಿಂತ ಕಾರಿನ ಡಿಕ್ಕಿಯಲ್ಲಿ ಯುದ್ಧಕ್ಕೆ ಬಳಸುವಂಥ ಭಾರಿ ಮಷಿನ್ ಗನ್. ಯಾರನ್ನು ಕೊಲ್ಲಲು? ಒಂದು ವರ್ಷಕ್ಕೂ ಮಿಕ್ಕಿ ಜಗತ್ತಿನಾದ್ಯಂತ ಜನ ಲೆಕ್ಕ ಹಾಕಿದರು. ಬಟ್ಟೆಯ ಬಣ್ಣಗಳ ಪಟ್ಟಿ ಮಾಡಿದರು. ನಾದಿನಿ ಮಾರಿಗೆ ನೇರಳೆ ಬಿಟ್ಟು ಬೇರೆ ಬಣ್ಣ ಬೇಡ, ಅದು ಯಾಕೆ ಎಂದು ಪುಟಗಟ್ಟಲೆ ವಿವರಿಸಿದರು. ಕೊನೆಯ ಕಂತಿನ ಹೆಸರು ‘ಫೆಲೀನಾ’ ಎಂದು ತಿಳಿದದ್ದೇ, ಇಂಗ್ಲಿಷಿನ ‘ಫಿನಾಲೆ’ ಪದದ ಅಕ್ಷರಗಳನ್ನೇ ಅದಲುಬದಲು ಮಾಡಿದ್ದಾರೆ ಎಂದರು. ಅಲ್ಲಲ್ಲ, ಕಬ್ಬಿಣ, ಲಿಥಿಯಂ, ಸೋಡಿಯಂಗಳ ರಾಸಾಯನಿಕ ಚಿಹ್ನೆಗಳು ಅವು, ರಕ್ತ, ಮಾದಕವಸ್ತು, ಕಣ್ಣೀರು ಎಂದರ್ಥ ಅಂದವರೂ ಇದ್ದರು.

ಸ್ವಾರಸ್ಯ ಇರುವುದು ಇಲ್ಲಿ. ಆ ಮಷಿನ್ ಗನ್ನಿನಿಂದ ಏನು ಮಾಡಿಸಬೇಕು ಎಂಬುದು ಅದನ್ನು ಡಿಕ್ಕಿಯಲ್ಲಿಟ್ಟ ದಿನ ಬರೆದವರಿಗೇ ಗೊತ್ತಿರಲಿಲ್ಲ. ಧಾರಾವಾಹಿಯ ಕರ್ತೃ ವಿನ್ಸ್ ಗಿಲಿಗನ್ ಇದನ್ನು ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಗುಲಾಬಿ ಕರಡಿಯ ಸೀಸನ್ನನ್ನು ಮೊದಲೇ ಕೂತು ಪೂರ್ತಿ ಯೋಜಿಸಿದ್ದರು. ಗನ್ನಿನ ಸೀಸನ್ನಿಗೆ ಹಾಗಲ್ಲ, ನೋಡಲು ಚೆನ್ನಾಗಿದೆ, ಇಟ್ಟುಬಿಡೋಣ, ಆಮೇಲೆ ನೋಡಿಕೊಳ್ಳೋಣ ಎಂಬ ಧೈರ್ಯ. ಆಮೇಲೆ ತಿಂಗಳುಗಟ್ಟಲೆ ಅವರು ಮಾಡಿದ್ದು ಅಭಿಮಾನಿಗಳು ಮಾಡುತ್ತಿದ್ದ ಕೆಲಸವನ್ನೇ. ತಮ್ಮದೇ ಹಳೆಯ ಕಂತುಗಳನ್ನು ತಿರುವಿ ಹಾಕುತ್ತ, ಈ ಗನ್ ಯಾರ ಮೇಲೆ ಹಾರಿದರೆ ಇದುವರೆಗಿನದೆಲ್ಲ ಹೊಂದುತ್ತದೆ ಎಂದು ಹುಡುಕಿದರು.

ನನಗೆ ತೋರುವಂತೆ, ಕ್ರೈಂ ಧಾರಾವಾಹಿಯ ಕೊನೆಯನ್ನು ಊಹಿಸುವ ಇಡೀ ಆಟದ ಗುಟ್ಟು ಇದೇ. ಕುರುಹು ಮೊದಲು ಬರುತ್ತದೆ, ಅರ್ಥ ಆಮೇಲೆ. ಬರೆಯುವವನೂ ತಾನೇ ಬಿಟ್ಟ ಕುರುಹಿನ ಮುಂದೆ ಪ್ರೇಕ್ಷಕನಾಗಿ ಕೂರುತ್ತಾನೆ. ಅಭಿಮಾನಿಯ ಊಹೆ ನಿಜವಾದಾಗ, ಲೇಖಕನ ಮನಸ್ಸಿನಲ್ಲಿದ್ದ ಗುಟ್ಟು ಬಯಲಾಯಿತು ಎಂದು ನಾವು ಬೆರಗಾಗುತ್ತೇವೆ. ಬಹಳ ಸಲ ಆಗಿರುವುದು ಅಷ್ಟೇನೂ ನಿಗೂಢವಲ್ಲ: ಒಂದೇ ಹಳೆಯ ಕಂತುಗಳನ್ನು ನೋಡಿದ ಇಬ್ಬರು ಬುದ್ಧಿವಂತರು ಒಂದೇ ತೀರ್ಮಾನಕ್ಕೆ ಬಂದಿರುತ್ತಾರೆ. ಒಬ್ಬನ ಕೈಯಲ್ಲಿ ಕ್ಯಾಮೆರಾ ಇದೆ ಅಷ್ಟೆ.

ಹಾಗಾದರೆ ಎಲ್ಲ ಕುರುಹೂ ಪೊಳ್ಳೇ? ಅಲ್ಲ. ಬರೆದವನು ತಾನು ಹಿಂದೆ ತೋರಿಸಿದ್ದಕ್ಕೆ ಕಟ್ಟುಬೀಳುತ್ತಾನೋ ಇಲ್ಲವೋ ಎಂಬುದರ ಮೇಲೆ ಅದು ನಿಂತಿದೆ. ಈ ಕಟ್ಟುಪಾಡನ್ನು ಕನ್ನಡದ ಕಿರುತೆರೆಯಲ್ಲಿ ಒಬ್ಬರು ವಿಚಿತ್ರ ರೀತಿಯಲ್ಲಿ ತಂದರು. ಬಾಶೆಟ್ಟಿಹಳ್ಳಿಯ ಮುಂದೆ ಹಾಯುವ ಇದೇ ರಸ್ತೆಯಲ್ಲಿ ಇನ್ನಷ್ಟು ದೂರ ಹೋದರೆ ಸಿಗುವ ಗೌರಿಬಿದನೂರು ಸೀಮೆಯ ಟಿ.ಎನ್. ಸೀತಾರಾಂ. 1998ರಲ್ಲಿ ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರೊಂದಿಗೆ ಸೇರಿ ದೂರದರ್ಶನಕ್ಕೆ ಅವರು ಮಾಡಿದ ‘ಮಾಯಾಮೃಗ’ದ ಹೆಸರೇ ಒಂದು ಸಂಕೇತ. ಬಂಗಾರದ ಜಿಂಕೆಯ ಬೆನ್ನು ಹತ್ತಿದವರ ಮನೆಯಲ್ಲಿ ಏನಾಗುತ್ತದೆ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಶೀರ್ಷಿಕೆ ಓದಿದವರಿಗೆ ಕೊನೆಯ ದಿಕ್ಕು ಗೊತ್ತು. ಯಾರ ಜಿಂಕೆ ಯಾವುದು ಎಂಬುದನ್ನಷ್ಟೇ ಕಾದು ನೋಡಬೇಕಿತ್ತು.

ನಾನು ಹೇಳಹೊರಟದ್ದು ಅವರ ಕೋರ್ಟನ್ನು. ‘ಮುಕ್ತ’ದಲ್ಲಿ ಸೀತಾರಾಂ ತಾವೇ ಕರಿಕೋಟು ತೊಟ್ಟು ಸಿಎಸ್‌ಪಿ ಎಂಬ ವಕೀಲರಾದರು. ಕಾನೂನು ಓದಿದವರಾದ್ದರಿಂದ ಆ ಕೋಟು ಅವರಿಗೆ ವೇಷದಂತೆ ಕಾಣಲಿಲ್ಲ. ‘ಮಗಳು ಜಾನಕಿ’ಯಲ್ಲೂ ಅದೇ ಸಿಎಸ್‌ಪಿ. ಸಾಮಾನ್ಯ ಧಾರಾವಾಹಿಯಲ್ಲಿ ಕೆಟ್ಟವರು ಯಾರೆಂದು ನಮಗೆ ಮೊದಲೇ ಗೊತ್ತು. ಮನೆಯವರಿಗೆ ಗೊತ್ತಾಗುವುದೊಂದೇ ಬಾಕಿ, ಅದನ್ನು ಎಷ್ಟು ವರ್ಷ ಬೇಕಾದರೂ ಎಳೆಯಬಹುದು. ಕೋರ್ಟು ಬಂದರೆ ಆ ಸ್ವಾತಂತ್ರ್ಯ ಹೋಯಿತು. ಪಾಟೀಸವಾಲಿನಲ್ಲಿ ವಕೀಲ ಕೇಳುವುದೆಲ್ಲ ಹಿಂದಿನದರ ಮೇಲೆ: ಆ ದಿನ ಎಷ್ಟು ಹೊತ್ತಿಗೆ ಬಂದಿರಿ, ಬಾಗಿಲು ಯಾರು ತೆಗೆದರು, ಪತ್ರಕ್ಕೆ ಸಹಿ ಹಾಕಿದಾಗ ಪಕ್ಕದಲ್ಲಿ ಯಾರಿದ್ದರು? ಉತ್ತರ ನೋಡುಗರು ಆಗಲೇ ಕಂಡದ್ದರ ಜೊತೆ ತಾಳೆಯಾಗಬೇಕು. ತಾಳೆಯಾಗದಿದ್ದರೆ ಹಜಾರದಲ್ಲಿ ಕೂತ ನಿವೃತ್ತ ಶಿರಸ್ತೇದಾರರೊಬ್ಬರು ಹಿಡಿದೇ ಹಿಡಿಯುತ್ತಿದ್ದರು. ಬಣ್ಣ, ಹೂಕುಂಡ ಯಾವುದೂ ಇಲ್ಲದೆ, ಬರೀ ಮಾತಿನ ಎಳೆ ಹಿಡಿದು ಮುಂದಿನದನ್ನು ಊಹಿಸುವ ಅಭ್ಯಾಸ ಬೆಳೆದದ್ದು ಈ ಕಂತುಗಳಿಂದ. ‘ಮುಕ್ತ ಮುಕ್ತ’ದ ಕಾಲಕ್ಕೆ ವೀಕ್ಷಕರನ್ನು ಎದುರು ಕೂರಿಸಿಕೊಂಡು ಹಲವೆಡೆ ಸಂವಾದಗಳೇ ನಡೆದವು. ಕಥೆ ಇನ್ನೂ ಓಡುತ್ತಿರುವಾಗ ಬರೆಯುವವನನ್ನು ಎದುರಿಗೆ ನಿಲ್ಲಿಸಿ, ಹೀಗೇಕೆ ಮಾಡಿದಿರಿ ಎಂದು ಕೇಳುವುದಕ್ಕಿಂತ ದೊಡ್ಡ ಪಾಟೀಸವಾಲು ಯಾವುದಿದೆ?

ಕನ್ನಡಿಗರು ಈ ಆಟಕ್ಕೆ ಹೊಸಬರೇನೂ ಅಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳು ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದ ಕಾಲದಲ್ಲಿ, ಮೊದಲ ಪುಟದಲ್ಲೇ ಕೊಲೆಗಾರನ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿಡುವ ಪುಣ್ಯಾತ್ಮರು ಎಲ್ಲ ಊರಿನಲ್ಲೂ ಇದ್ದರು. ಅವರಲ್ಲೂ ಹೆಚ್ಚು ಕಿಡಿಗೇಡಿಗಳು ಬೇಕೆಂದೇ ತಪ್ಪು ಹೆಸರು ಬರೆಯುತ್ತಿದ್ದರು.

ಓದುಗ ಅತಿ ಜಾಣನಾದರೆ ಏನಾಗುತ್ತದೆ ಎಂಬುದಕ್ಕೆ 2014ರ ‘ಟ್ರೂ ಡಿಟೆಕ್ಟಿವ್’ ಮೊದಲ ಸೀಸನ್ ಪಾಠದಂತಿದೆ. ಎಂಟೇ ಕಂತು. ಕೊಲೆಯ ಸುತ್ತ ‘ಹಳದಿ ರಾಜ’ ಎಂಬ ಮಾತು ಬಂತು. 1895ರಲ್ಲಿ ರಾಬರ್ಟ್ ಚೇಂಬರ್ಸ್ ಬರೆದ ವಿಲಕ್ಷಣ ಕಥೆಗಳ ಪುಸ್ತಕವೊಂದರಿಂದ ಎತ್ತಿದ್ದು ಅದು. ಆ ಹಳೆಯ ಪುಸ್ತಕ ಮತ್ತೆ ಬಿಸಿ ದೋಸೆಯಂತೆ ಖರ್ಚಾಯಿತು. ಪತ್ತೇದಾರರಲ್ಲೇ ಒಬ್ಬ ಕೊಲೆಗಾರ ಎಂದರು, ಕಾಲವೇ ವೃತ್ತಾಕಾರ ಎಂದರು, ಭೂಮಿಯಾಚೆಯ ಶಕ್ತಿಯನ್ನೂ ಕರೆತಂದರು. ಕೊನೆಗೆ ಕೊಲೆಗಾರನಾಗಿ ಹೊರಬಂದವನು ಮೂರನೇ ಕಂತಿನಲ್ಲಿ ಹುಲ್ಲು ಕತ್ತರಿಸುತ್ತ ಪೊಲೀಸರ ಜೊತೆ ಮಾತಾಡಿ ಹೋಗಿದ್ದ ಮನುಷ್ಯ. ಅವನನ್ನು ಹಿಡಿಸಿಕೊಟ್ಟ ಕುರುಹು, ಒಂದು ಮನೆಗೆ ಹೊಸದಾಗಿ ಹೊಡೆದ ಹಸಿರು ಬಣ್ಣ. ಎಷ್ಟೋ ಜನ ಮೋಸಹೋದೆವು ಎಂದು ಕೂಗಾಡಿದರು. ನನಗೆ ಆ ಕೊನೆ ಸರಿಯೆಂದೇ ಕಂಡಿತು. ಕೊಲೆ ಮಾಡಿದವನು ಮನುಷ್ಯನಾಗಿರುವುದು ಕಥೆಯ ದೋಷವಾಗುವುದಿಲ್ಲ.

ಇದಕ್ಕೆ ತಿರುಗುಮುರುಗಾದದ್ದು ‘ಟ್ವಿನ್ ಪೀಕ್ಸ್’ನ ಕಥೆ. 1990ರ ಏಪ್ರಿಲ್‌ನಲ್ಲಿ ಶುರುವಾದ ಅದು ಲಾರಾ ಪಾಮರ್ ಎಂಬ ಹುಡುಗಿಯನ್ನು ಕೊಂದವರು ಯಾರು ಎಂಬ ಒಂದೇ ಪ್ರಶ್ನೆಯ ಮೇಲೆ ಜನರನ್ನು ಹಿಡಿದಿಟ್ಟಿತ್ತು. ಉತ್ತರ ಹೇಳಲು ನಿರ್ದೇಶಕ ಡೇವಿಡ್ ಲಿಂಚ್‌ಗೆ ಮನಸ್ಸಿರಲಿಲ್ಲ. ಚಾನೆಲ್ ಬಿಡಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಹೇಳಿದರು, ಜನ ಎದ್ದು ಹೋದರು, 1991ರ ಜೂನ್ 10ಕ್ಕೆ ಮುಚ್ಚಿತು. ‘ಡಲ್ಲಾಸ್’ನವರು ವ್ಯಾಪಾರ ಚೆನ್ನಾಗಿ ತಿಳಿದವರು. 1980ರ ಮಾರ್ಚ್‌ನಲ್ಲಿ ಜೆ.ಆರ್. ಎಂಬ ಖಳನಿಗೆ ಗುಂಡು ಹೊಡೆಸಿ, ಹೊಡೆದವರು ಯಾರೆಂದು ನವೆಂಬರ್‌ವರೆಗೆ ಬಾಯಿ ಬಿಡಲಿಲ್ಲ. ಗುಟ್ಟು ಸೋರದಿರಲೆಂದು ಬೇರೆ ಬೇರೆ ಪಾತ್ರಗಳ ಕೈಯಲ್ಲಿ ಗುಂಡು ಹೊಡೆಸಿ ಚಿತ್ರೀಕರಿಸಿಕೊಂಡಿದ್ದರು. ಇನ್ನು ‘ಸೊಪ್ರಾನೋಸ್’ 2007ರ ಜೂನ್ 10ರಂದು ಮುಗಿದದ್ದು ಉತ್ತರವನ್ನೇ ನುಂಗಿ. ಮಾಫಿಯಾ ಧಣಿ ಹೆಂಡತಿ ಮಗನ ಜೊತೆ ಹೋಟೆಲಿನಲ್ಲಿ ಈರುಳ್ಳಿ ಬಜ್ಜಿಯಂಥದ್ದನ್ನು ತಿನ್ನುತ್ತಿದ್ದಾನೆ, ಬಾಗಿಲು ತೆರೆದ ಸದ್ದಿಗೆ ತಲೆ ಎತ್ತುತ್ತಾನೆ, ತೆರೆ ಕಪ್ಪಾಗುತ್ತದೆ. ಅಮೆರಿಕದ ಜನ ಕೇಬಲ್ ಹೋಯಿತೆಂದು ಗಾಬರಿಯಾದರಂತೆ. ನಮ್ಮ ಕಡೆಯಾಗಿದ್ದರೆ ಕರೆಂಟು ಹೋಯಿತು ಎಂದು ಮಲಗಿರುತ್ತಿದ್ದೆವು.

ಕನ್ನಡದಲ್ಲಿ ಸಂಕೇತ ಹುಡುಕುವವರಿಗೆ ಈಚೆಗೆ ಒಳ್ಳೆಯ ಕಾಲ. ಕಾರಣ ಸರಳ. ಸಿನಿಮಾವೋ ವೆಬ್ ಸರಣಿಯೋ ಆದರೆ ಮೊದಲ ದೃಶ್ಯ ಜನರಿಗೆ ಕಾಣುವ ಹೊತ್ತಿಗೆ ಕೊನೆಯ ದೃಶ್ಯವೂ ಡಬ್ಬದಲ್ಲಿರುತ್ತದೆ. ಗುರುವಾರದ ಟಿಆರ್‌ಪಿ ಪಟ್ಟಿ ಅದನ್ನು ಅಲುಗಿಸಲಾರದು. 2021ರ ನವೆಂಬರ್‌ನಲ್ಲಿ ಬಂದ ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ವನ್ನು ನೋಡಿದವರು ಹುಲಿವೇಷ ಮೊದಲ್ಗೊಂಡು ಒಂದೊಂದನ್ನೂ ಬಿಡಿಸಿ ಕೂತರು. ಮಂಗಳಾದೇವಿಯ ಸುತ್ತಿನ ರೌಡಿಗಳಿಬ್ಬರ ಹೆಸರು ಹರಿ, ಶಿವ. ಅವರ ನಡುವೆ ಸಿಕ್ಕಿಕೊಂಡ ಪೊಲೀಸ್ ಅಧಿಕಾರಿ ಬ್ರಹ್ಮಯ್ಯ. ಶಿವನ ಭಾಗಕ್ಕೆ ಮಾದೇಶ್ವರನ ಪದ ‘ಸೋಜುಗಾದ ಸೂಜುಮಲ್ಲಿಗೆ’. ಇಲ್ಲಿ ಬೀಗವನ್ನೂ ಕೀಲಿಯನ್ನೂ ನಿರ್ದೇಶಕರೇ ಶೀರ್ಷಿಕೆಯಲ್ಲಿ ಇಟ್ಟಿದ್ದರು. ತ್ರಿಮೂರ್ತಿಗಳ ಕಥೆ ಗೊತ್ತಿದ್ದವನು ಯಾರು ಕಾಯುತ್ತಾನೆ, ಯಾರು ಅಳಿಸುತ್ತಾನೆ ಎಂದು ಅಂದಾಜಿಸಬಲ್ಲ. 2025ರ ಏಪ್ರಿಲ್‌ನಲ್ಲಿ ಜೀ5ರಲ್ಲಿ ಬಂದ ‘ಅಯ್ಯನ ಮನೆ’ ಇದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರ. ಅದನ್ನು ಮಾಡಿದ ರಮೇಶ್ ಇಂದಿರಾ, ನಿರ್ಮಿಸಿದ ಶ್ರುತಿ ನಾಯ್ಡು ಇಬ್ಬರೂ ದೈನಂದಿನ ಧಾರಾವಾಹಿಯಲ್ಲಿ ಪಳಗಿದ ಕೈ. ಚಿಕ್ಕಮಗಳೂರು ಸೀಮೆಯ ಮನೆತನ, ಒಬ್ಬರ ಹಿಂದೊಬ್ಬರು ಸಾಯುವ ಸೊಸೆಯಂದಿರು, ಮನೆದೇವರು, ಹೊಸದಾಗಿ ಬಂದ ಸೊಸೆ. ಸಾಮಗ್ರಿ ಎಲ್ಲ ಧಾರಾವಾಹಿಯದೇ. ಕುಂಕುಮವೂ ಇದೆ, ದೀಪವೂ ಇದೆ. ಆದರೆ ಕೆಲವೇ ಕಂತುಗಳಲ್ಲಿ ಮುಗಿಯಬೇಕಾದ ಕಥೆಯಲ್ಲಿ ದೀಪ ಆರಿದರೆ ಅದಕ್ಕೆ ಬೆಲೆಯಿದೆ. ಬಾಶೆಟ್ಟಿಹಳ್ಳಿಯ ಸೂತ್ರ ಇಲ್ಲಿ ಕೈಕೊಡುತ್ತದೆ. ವರ್ಷಗಟ್ಟಲೆ ಸುಳ್ಳು ಶಕುನ ನೋಡಿ ನೋಡಿ ಪಳಗಿದವರು ನಿಜವಾದ ಶಕುನವನ್ನೂ ಕಡೆಗಣಿಸಿ ಮೋಸಹೋಗುವ ಅಪಾಯವಿದೆ.

ಕೊನೆ ಗೊತ್ತಾದರೆ ರುಚಿ ಹೋಯಿತು ಎಂಬ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ದೊಡ್ಡಬಳ್ಳಾಪುರ, ನೆಲಮಂಗಲದ ಹಳ್ಳಿಗಳಲ್ಲಿ ಈಗಲೂ ಜಾತ್ರೆಗೆಂದು ಕುರುಕ್ಷೇತ್ರ ನಾಟಕ ಕಟ್ಟುತ್ತಾರೆ. ಬಾಡಿಗೆ ಸೀನರಿ, ಹಾರ್ಮೋನಿಯಂ ಮೇಷ್ಟ್ರು, ರಾತ್ರಿಯಿಡೀ ಪದ್ಯ. ಪಾತ್ರಕ್ಕೆ ನಟರೇ ದುಡ್ಡು ಕೊಡಬೇಕು. ಕೃಷ್ಣ, ದುರ್ಯೋಧನನ ಪಾತ್ರಕ್ಕೆ ರೇಟು ಹೆಚ್ಚು. ದುರ್ಯೋಧನನ ತೊಡೆ ಮುರಿಯುತ್ತದೆ ಎಂದು ಕೂತ ಮಗುವಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಯಾರೂ ಏಳುವುದಿಲ್ಲ. ಸಾಯುವ ಮೊದಲು ಅವನು ಹೇಗೆ ಹಾಡುತ್ತಾನೆ ಎಂಬುದು ಅವರಿಗೆ ಮುಖ್ಯ. ಚೆನ್ನಾಗಿ ಹಾಡಿದರೆ ಒನ್ಸ್ ಮೋರ್ ಕೂಗಿ ಅವನ ಸಾವನ್ನು ಇನ್ನಷ್ಟು ಮುಂದಕ್ಕೆ ಹಾಕಿಸುತ್ತಾರೆ. ಕ್ರೈಂ ಧಾರಾವಾಹಿಯ ಅಭಿಮಾನಿ ಹುಡುಕುವುದು ಕೊಂದವರನ್ನು, ಕುರುಕ್ಷೇತ್ರದ ಪ್ರೇಕ್ಷಕ ಹುಡುಕುವುದು ಒಳ್ಳೆಯ ಕಂಠವನ್ನು. ಎರಡೂ ಅಭಿರುಚಿ ಒಬ್ಬನೇ ಮನುಷ್ಯನಲ್ಲಿ ಇರಬಹುದು. ಈ ಸೀಮೆಯಲ್ಲಂತೂ ಇದೆ.

ಎಲ್ಲಕ್ಕಿಂತ ಕಷ್ಟ, ಕೊನೆಯೇ ಇಲ್ಲದೆ ಹೋದಾಗ. 2018ರಲ್ಲಿ ಕಲರ್ಸ್ ಸೂಪರ್‌ನ ತೆರೆಗೆ ಬಂದ ‘ಮಗಳು ಜಾನಕಿ’ 2020ರಲ್ಲಿ ಕೊರೊನಾ ಲಾಕ್‌ಡೌನಿಗೆ ಸಿಕ್ಕಿ ಅರ್ಧದಲ್ಲೇ ನಿಂತಿತು. ನೋಡುತ್ತಿದ್ದವರ ಪ್ರಶ್ನೆಗಳೆಲ್ಲ ಹಾಗೇ ಉಳಿದವು. ಯಾವ ಸೂತ್ರಕ್ಕೂ ಹೊಳೆಯದ ಮುಕ್ತಾಯ ಅದು. ಹೀಗೆ ಬಿಟ್ಟುಹೋದ ಕಥೆಯನ್ನು ಜನ ಎಷ್ಟು ವರ್ಷ ಹೊತ್ತು ತಿರುಗಬಲ್ಲರು? ನೂರೈವತ್ತಕ್ಕೂ ಹೆಚ್ಚು.

ಚಾರ್ಲ್ಸ್ ಡಿಕನ್ಸ್ 1870ರಲ್ಲಿ ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’ ಎಂಬ ಕೊಲೆಯ ಕಥೆಯನ್ನು ತಿಂಗಳಿಗೊಂದು ಕಂತಿನಂತೆ ಪ್ರಕಟಿಸತೊಡಗಿದ. ಹನ್ನೆರಡು ಕಂತುಗಳ ಯೋಜನೆ. ಆರು ಬರೆಯುವಷ್ಟರಲ್ಲಿ ಜೂನ್ 9ರಂದು ತೀರಿಕೊಂಡ. (ಜೂನ್ 9, ಜೂನ್ 10, ಮತ್ತೆ ಜೂನ್ 10. ಅಭಿಮಾನಿಗಳ ಕೈಗೆ ಕೊಟ್ಟರೆ ಇದರಲ್ಲೂ ಒಂದು ಪಿತೂರಿ ಸಿಗುತ್ತದೆ.) ಡ್ರೂಡ್ ಎಂಬ ಯುವಕ ಕಾಣೆಯಾಗಿದ್ದಾನೆ. ಅಫೀಮಿನ ಚಟವಿರುವ ಸೋದರಮಾವ ಜಾಸ್ಪರ್ ಮೇಲೆ ಅನುಮಾನ. ಹೆಣ ಸಿಕ್ಕಿಲ್ಲ. ಬಾಶೆಟ್ಟಿಹಳ್ಳಿಯವರನ್ನು ಕೇಳಿದರೆ, ಹೆಣ ತೋರಿಸಿಲ್ಲ ಎಂದಮೇಲೆ ಡ್ರೂಡ್ ಬದುಕಿದ್ದಾನೆ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಇಂಗ್ಲಿಷ್ ಪಂಡಿತರಲ್ಲೂ ಒಂದು ದೊಡ್ಡ ಪಂಗಡ ಅದನ್ನೇ ವಾದಿಸಿತು. ಇನ್ನೊಂದು ಪಂಗಡ ಹಿಡಿದದ್ದು ಚಿತ್ರಕಾರ ಲ್ಯೂಕ್ ಫಿಲ್ಡ್ಸ್ ಹೇಳಿದ ಸಂಗತಿಯನ್ನು. ಜಾಸ್ಪರನ ಕೊರಳಿಗೆ ಎರಡು ಸುತ್ತು ಬರುವಷ್ಟು ಉದ್ದದ ಟೈ ಬರೆಯಲೇಬೇಕು, ಅದರಿಂದಲೇ ಅವನು ಡ್ರೂಡ್‌ನ ಕತ್ತು ಹಿಸುಕುವುದು ಎಂದು ಡಿಕನ್ಸ್ ತನಗೆ ಹೇಳಿದ್ದನಂತೆ. ಮಾಸಿಕ ಕಂತುಗಳ ರಕ್ಷಾಪುಟಕ್ಕೆ ಡಿಕನ್ಸನ ಅಳಿಯ ಚಾರ್ಲ್ಸ್ ಕಾಲಿನ್ಸ್ ಬರೆದ ಚಿತ್ರವೊಂದಿದೆ. ಕೈಯಲ್ಲಿ ಲಾಂದ್ರ ಹಿಡಿದವನೊಬ್ಬ ಕತ್ತಲಲ್ಲಿ ನಿಂತ ಮತ್ತೊಬ್ಬನ ಮೇಲೆ ಬೆಳಕು ಬಿಡುತ್ತಿದ್ದಾನೆ. ಆ ಕತ್ತಲಿನವನು ಡ್ರೂಡನೇ, ಅವನ ವೇಷ ತೊಟ್ಟ ಪತ್ತೇದಾರನೇ, ಬರೀ ಜಾಸ್ಪರನ ಪಾಪಪ್ರಜ್ಞೆಯೇ ಎಂದು ಜನ ಇನ್ನೂ ಗುದ್ದಾಡುತ್ತಿದ್ದಾರೆ.

ಕೊನೆಗೆ 1914ರ ಜನವರಿ 7ರಂದು ಲಂಡನ್ನಿನ ಡಿಕನ್ಸ್ ಅಭಿಮಾನಿಗಳು ಒಂದು ಸಭಾಂಗಣದಲ್ಲಿ ಅಣಕು ನ್ಯಾಯಾಲಯ ಕಟ್ಟಿ, ಜಾಸ್ಪರನನ್ನು ಕಟಕಟೆಗೆ ತಂದು, ಸಾಕ್ಷಿಗಳನ್ನು ಕರೆದು ಪಾಟೀಸವಾಲು ನಡೆಸಿದರು. ನ್ಯಾಯಾಧೀಶನ ಪೀಠದಲ್ಲಿ ಜಿ.ಕೆ. ಚೆಸ್ಟರ್ಟನ್, ಜ್ಯೂರಿಯ ಮುಖ್ಯಸ್ಥನಾಗಿ ಬರ್ನಾರ್ಡ್ ಶಾ. ವಕೀಲರು ಗಂಟೆಗಟ್ಟಲೆ ವಾದಿಸಿದ ಮೇಲೆ ಶಾ ಎದ್ದುನಿಂತು, ಕೊಲೆಯೂ ಅಲ್ಲ, ಬಿಡುಗಡೆಯೂ ಅಲ್ಲ ಎಂಬಂತೆ, ಉದ್ದೇಶಪೂರ್ವಕವಲ್ಲದ ನರಹತ್ಯೆ ಎಂದು ತೀರ್ಪು ಒಪ್ಪಿಸಿದ. ಚೆಸ್ಟರ್ಟನ್ ಈ ರಹಸ್ಯ ಬಿಡಿಸಲಾಗದ್ದು ಎಂದು ಘೋಷಿಸಿ, ನ್ಯಾಯಾಂಗ ನಿಂದನೆಗಾಗಿ ತನ್ನೊಬ್ಬನನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ದಂಡ ಹಾಕಿದ. ಸಿಎಸ್‌ಪಿ ಅಲ್ಲಿದ್ದಿದ್ದರೆ ಆ ಕ್ಷಣವೇ ಎದ್ದು ಅಬ್ಜೆಕ್ಷನ್ ಎಂದಿರುತ್ತಿದ್ದರು, ಅವರಿಗೂ ದಂಡ ಬೀಳುತ್ತಿತ್ತು.